ಏಳನೆಯ ದೋಷ

ಹಾಲು ತೆಗೆದುಕೊಳ್ಳುವುದಕ್ಕೆ ಟೋಪಿ ಹಾಕಿಕೊಂಡು ಹೋಗುವವರು ಕಾಂಗ್ಡಾ ಕಣಿವೆಯ ಇಡೀ ಪಾಲಂಪುರದಲ್ಲಿ ಒಬ್ಬರೇ, ನಿವೃತ್ತ ಕರ್ನಲ್ ಜಗದೇವ್ ಕಟೋಚ್. ಅದಕ್ಕೆಂದೇ ಬಾಗಿಲ ಪಕ್ಕ ಒಂದು ಮೊಳೆ, ಮೊಳೆಯಲ್ಲಿ ಒಂದು ಪಹಾಡಿ ಟೋಪಿ. ಬೆಳಿಗ್ಗೆ ಆರೂವರೆಗೆ ಗೇಟಿನ ಚಿಲಕ ಸದ್ದು ಮಾಡುತ್ತದೆ. ಬಿಧಿ ಚಂದ್ ಹಾಲಿನ ಕ್ಯಾನನ್ನು ಕಟ್ಟೆಯ ಮೇಲಿಟ್ಟು, ತನ್ನ ಟೋಪಿ ಸರಿಮಾಡಿಕೊಂಡು, ಹಿಮ್ಮಡಿ ಕೂಡಿಸಿ ಸಲ್ಯೂಟ್ ಹೊಡೆಯುತ್ತಾನೆ. ಬರಿತಲೆಯಲ್ಲಿ ಸಲ್ಯೂಟ್ ಮಾಡುವಂತಿಲ್ಲ, ಬಂದ ಸಲ್ಯೂಟಿಗೆ ಉತ್ತರ ಕೊಡದೆ ಇರುವಂತೆಯೂ ಇಲ್ಲ. ಅದು ಸೈನ್ಯದ ಪದ್ಧತಿ. ಪದ್ಧತಿ ಎಂದಮೇಲೆ ಕಟೋಚರು ಬಿಡುವವರಲ್ಲ. "ಯುದ್ಧಕ್ಕೆ ಹೊರಟ್ರಾ?" ಎಂದು ಹೆಂಡತಿ ಕಮಲೇಶ್ ಅಡುಗೆಮನೆಯಿಂದ ದಿನಾ ಕೇಳುತ್ತಾಳೆ. ಹನ್ನೊಂದು ವರ್ಷದಿಂದ ಕೇಳುತ್ತಿದ್ದಾಳೆ. ಆಮೇಲೆ ಪಾತ್ರೆಯೊಳಗೆ ಬಗ್ಗಿ ನೋಡಿ, "ಈ ಹಾಲಲ್ಲಿ ಮುಖ ತೊಳೀಬಹುದು ಕಣ್ರೀ, ಚಹಾ ಮಾಡೋಕಾಗಲ್ಲ. ಅವನಿಗೊಂದು ಮಾತು ಹೇಳಬಾರದಾ? ಸಾವಿರ ಜನರ ಪಲ್ಟನ್ ಆಳಿದ ಮನುಷ್ಯ, ಎರಡು ಹಸು ಕಟ್ಟಿದವನಿಗೆ ಹೆದರ್ತೀರಲ್ಲ!" ಎನ್ನುತ್ತಾಳೆ. ಕಟೋಚರು "ನೋಡೋಣ" ಎನ್ನುತ್ತಾರೆ. ಅಷ್ಟಕ್ಕೆ ಆ ದಿನದ ಹಾಲಿನ ಪ್ರಕರಣ ಮುಗಿಯುತ್ತದೆ.

ಇವತ್ತು ಮಾತ್ರ ಬಿಧಿ ಚಂದ್ ಹಾಲು ಅಳೆದು ಕೊಟ್ಟಮೇಲೂ ಹೋಗಲಿಲ್ಲ. ಕ್ಯಾನಿನ ಮುಚ್ಚಳವನ್ನು ಎರಡೆರಡು ಸಲ ಒತ್ತಿ, "ಸಾಬ್, 'ಬಾವರ್ದಿ' ಆರನೇ ಭಾಗ ನೋಡಿದ್ರಾ?" ಎಂದ. ನೋಡದೆ ಇರುವವರು ಯಾರು? ಒಬ್ಬ ಬಡ ಸಿಪಾಯಿಯನ್ನು ಸೈನ್ಯದ ಕೋರ್ಟಿನಲ್ಲಿ ನಿಲ್ಲಿಸಿ, ಒಬ್ಬಳು ಚೆಂದದ ವಕೀಲೆ ಮೇಜರನ್ನು ಅವನ ಪರ ಮಾತಾಡಲು ಬಿಟ್ಟ ಆ ಧಾರಾವಾಹಿ ಬಂದಾಗಿನಿಂದ, ಮನೆಗೊಂದು ಪಿಂಚಣಿ, ಗೋಡೆಗೆರಡು ಸಮವಸ್ತ್ರದ ಫೋಟೋ ಇರುವ ಈ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. "ಮೊಮ್ಮಗಳ ಫೋನಲ್ಲಿ ನೋಡ್ದೆ ಸಾಬ್. ಮೂರು ಜನ ಆಫೀಸರು ಕೂತಿದ್ರಲ್ಲ, ಆ ದೊಡ್ಡ ಸಾಬ್ ಮೊದಲು ಮೀಸೆ ತಿರುವಿ 'ತಪ್ಪಿತಸ್ಥ' ಅಂದ. ಆಮೇಲೆ ಪಕ್ಕದ ಮೇಜರು. ಕೊನೇಲಿ ಆ ಪುಟ್ಟ ಕ್ಯಾಪ್ಟನ್. ಪಾಪ, ಅವನ ಗಂಟಲಲ್ಲಿ ಮಾತೇ ಹೊರಡಲಿಲ್ಲ. ದೊಡ್ಡೋರಿಬ್ರೂ ಹೇಳಿದ್ಮೇಲೆ ಅವನೇನು ಮಾಡ್ತಾನೆ? ನಂಗೆ ನನ್ನ ಕೋರ್ಟಿನ ದಿನ, ನಿಮ್ಮ ಮುಖ ನೆನಪಾಯ್ತು." ಬಿಧಿ ಚಂದ್ ಕಣ್ಣು ಕೆಳಗೆ ಹಾಕಿಕೊಂಡೇ ಮಾತಾಡುತ್ತಿದ್ದ. "ನಲವತ್ತು ವರ್ಷ ನಿಮ್ಮನ್ನೂ ಸೇರಿಸ್ಕೊಂಡೇ ಬೈತಿದ್ದೆ ಸಾಬ್, ಮನಸ್ಸಲ್ಲಿ. ನಿನ್ನೆ ಹೆಂಡ್ತಿಗೆ ಹೇಳ್ದೆ, ನೋಡೇ, ಕಟೋಚ್ ಸಾಬ್ ಆವಾಗ ಇಷ್ಟೇ ಇದ್ರು, ಅವರ ಕೈಯಲ್ಲೇನಿತ್ತು ಅಂತ. ಬಿಟ್ಬಿಡಿ ಸಾಬ್. ನೀವೂ ಮನಸ್ಸಲ್ಲಿ ಇಟ್ಕೋಬೇಡಿ." ಹೀಗೆಂದು, ದಿನಕ್ಕೊಂದೇ ಎಂಬ ಲೆಕ್ಕವನ್ನು ಮುರಿದು, ಎರಡನೆಯ ಸಲ್ಯೂಟ್ ಹೊಡೆದು ಹೋದ. ಕಟೋಚರ ಕೈ ತಾನಾಗಿ ಟೋಪಿಯ ಅಂಚಿಗೆ ಹೋಯಿತು. ಇಳಿಯುವುದನ್ನು ಮರೆತು ಅಲ್ಲೇ ನಿಂತಿತು.

ಈಗ ಅವರು ಕಿಟಕಿಯ ಬಳಿ ಮೇಜಿನ ಮುಂದೆ ಕೂತಿದ್ದಾರೆ. ಎದುರಿಗೆ ಗೆರೆಯ ಹಾಳೆ. ನಾಲ್ಕು ಗಂಟೆಗೆ ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ಸೂಬೇದಾರ್ ಮೇಜರ್ ಗುಲೇರಿಯಾ ಬರುತ್ತಾರೆ. "ಸಾಬ್, ನಮ್ಮ ಪತ್ರಿಕೆಗೆ 'ಬಾವರ್ದಿ'ಯ ಗುಣದೋಷ ಬರೆದುಕೊಡಿ, ನೀವಲ್ಲದೆ ಯಾರು?" ಎಂದು ಕೇಳಿದ್ದರು. ನಿಜ, ಸೈನ್ಯದ ಕಾನೂನು ಪುಸ್ತಕವನ್ನು ಕಟೋಚರಷ್ಟು ಬಾಯಿಪಾಠ ಮಾಡಿದ ಕಾಲಾಳು ಅಧಿಕಾರಿ ಇನ್ನೊಬ್ಬರಿಲ್ಲ; ಪಲ್ಟನಿನಲ್ಲಿ ಅವರ ಹೆಸರೇ ಕಾನೂನ್ ಕಟೋಚ್. ಯಾಕೆ ಹಾಗೆ ಓದಿದರೆಂದು ಯಾರೂ ಕೇಳಿರಲಿಲ್ಲ. ಹುಣ್ಣಾದವನು ವೈದ್ಯ ಕಲಿತ ಹಾಗೆ ಎಂದು ಅವರೂ ಹೇಳಿರಲಿಲ್ಲ. ಗುಣಗಳನ್ನು ಬೇಗ ಬರೆದು ಮುಗಿಸಿದ್ದರು. ಬೂಟಿನ ಸದ್ದು ಬೂಟಿನ ಸದ್ದಿನ ಹಾಗೇ ಇದೆ. ಕೋರ್ಟಿನ ಹೊರಗೆ ತಾಯಿ ಕಾಯುವ ದೃಶ್ಯದಲ್ಲಿ ಸಂಗೀತ ಹಾಕದೆ ಇದ್ದದ್ದು ನಿರ್ದೇಶಕನ ದೊಡ್ಡಸ್ತಿಕೆ, ಅಥವಾ ಆ ದಿನ ವಾದ್ಯದವರು ಬಂದಿರಲಿಕ್ಕಿಲ್ಲ. ಆರೋಪಿಯ ಟೋಪಿ ಬೆಲ್ಟು ಬಿಚ್ಚಿಸಿ ಒಳಗೆ ತರುವುದನ್ನು ಸರಿಯಾಗಿ ತೋರಿಸಿದ್ದಾರೆ. ದೋಷಗಳಿಗೆ ಬಂದಾಗ ಪೆನ್ನಿಗೆ ಹುರುಪು ಬಂದಿತ್ತು. ಒಂದು: ಅಧ್ಯಕ್ಷರ ಎದೆಯ ಮೇಲೆ ಪದಕದ ಪಟ್ಟಿಗಳು ತಲೆಕೆಳಗಾಗಿವೆ, ಆ ಲೆಕ್ಕದಲ್ಲಿ ಅವರು ಹುಟ್ಟುವ ಮುಂಚೆಯೇ ಒಂದು ಯುದ್ಧ ಗೆದ್ದಿರಬೇಕು. ಎರಡು: ನಾಯಕ ಬರಿತಲೆಯಲ್ಲಿ ಸಲ್ಯೂಟ್ ಮಾಡುತ್ತಾನೆ. ಟೋಪಿ ಇಲ್ಲದವನಿಗೆ ಸಲ್ಯೂಟಿಲ್ಲ. ಇದು ಹೊಸದಾಗಿ ಸೇರಿದವನಿಗೂ ಗೊತ್ತು. ಮೂರು: ಸುತ್ತಿಗೆ. ಸೈನ್ಯದ ಕೋರ್ಟಿನಲ್ಲಿ ಸುತ್ತಿಗೆ ಬಡಿಯುವುದಿಲ್ಲ, ಅದು ಬಡಗಿಯ ಮನೆಯಲ್ಲ. ನಾಲ್ಕು: ವಕೀಲೆ ಮೇಜರಳ ಕೂದಲು. ಐದು: ಹನ್ನೊಂದು ನಿಮಿಷದ ಭಾಷಣ, ಅಷ್ಟು ಹೊತ್ತು ಯಾವ ಅಧ್ಯಕ್ಷರೂ ಎಚ್ಚರ ಇರುವುದಿಲ್ಲ. ಆರು: ಹಿಮ ಬೀಳುವಾಗ ಯಾರ ಬಾಯಿಂದಲೂ ಆವಿ ಬರುವುದಿಲ್ಲ. ಇಷ್ಟನ್ನು ನಿನ್ನೆಯೇ ಬರೆದಿದ್ದರು, ಏಳನೆಯದನ್ನೂ ಬರೆದಿದ್ದರು; ಅದರ ಕೆಳಗೆ ಎಂಟನೆಯದು, ಜೀಪಿನ ನಂಬರಿನ ಬಗ್ಗೆ. ನಿನ್ನೆ ಏಳನೆಯದನ್ನು ಬರೆದು ಸಲೀಸಾಗಿ ಎಂಟಕ್ಕೆ ಹೋಗಿದ್ದರು. ನಿನ್ನೆ ಅದು ಬರೀ ದೋಷವಾಗಿತ್ತು.

ಏಳು: ತೀರ್ಮಾನ ಕೇಳುವಾಗ ಅಧ್ಯಕ್ಷರು ಮೊದಲು ತಮ್ಮ ಅಭಿಪ್ರಾಯ ಹೇಳುವುದು ಶುದ್ಧ ತಪ್ಪು. ದೊಡ್ಡವರ ಮುಖ ನೋಡಿ ಚಿಕ್ಕವನು ಮಾತು ಬದಲಿಸಬಾರದು ಎಂದೇ, ಎಲ್ಲರಿಗಿಂತ ಕಿರಿಯನನ್ನು ಮೊದಲು ಕೇಳಬೇಕು. ಕಿರಿಯನದೇ ಮೊದಲ ಮಾತು.

ಗುಲೇರಿಯಾ ಇದನ್ನು ಅಚ್ಚು ಹಾಕಿಸುತ್ತಾರೆ. ಅಚ್ಚಾದ ದಿನ ಸೈನ್ಯದ ಕ್ಯಾಂಟೀನಿನ ಸಾಲಿನ ಮುಂದೆ ನಿಂತು ಗಟ್ಟಿಯಾಗಿ ಓದುತ್ತಾರೆ. ಸೈನ್ಯದಿಂದ ವಜಾ ಆದ ಬಿಧಿ ಚಂದ್‌ಗೆ ಕ್ಯಾಂಟೀನಿನ ಕಾರ್ಡಿಲ್ಲ, ಪಿಂಚಣಿ ಇಲ್ಲ. ಆದರೆ ಸಾಲಿನಲ್ಲಿ ನಿಂತವರ ಮನೆಗಳಿಗೆಲ್ಲ ಹಾಲು ಹಾಕುವವನು ಅವನೇ. ಸಂಜೆಯೊಳಗೆ ಸುದ್ದಿ ಅವನ ಕೊಟ್ಟಿಗೆ ತಲುಪುತ್ತದೆ. ತನ್ನ ವಿಚಾರಣೆಗೆ ಕೂತ ಆ ಮೂರು ಜನರಲ್ಲಿ ಯಾರು ಕಿರಿಯ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಟೋಚರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಆ ದಿನವೂ ಯಾರೋ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು, ಟಿಕ್ ಟಿಕ್ ಎಂದು, ಅಧ್ಯಕ್ಷರೇ ಇರಬೇಕು; ಕಾಶ್ಮೀರದ ಗುಡ್ಡದ ಮೇಲೆ ತಗಡಿನ ಕೋಣೆ, ನಡುವೆ ಸೀಮೆಎಣ್ಣೆ ಒಲೆ, ಒಲೆಯ ಆಚೆ ಹತ್ತೊಂಬತ್ತು ವರ್ಷದ ಬಿಧಿ ಚಂದ್. ಪಹರೆಯಲ್ಲಿ ನಿದ್ದೆ ಮಾಡಿದ ಅಪರಾಧ. ಜ್ವರ ಎಂದು ಹಿಂದಿನ ಸಂಜೆ ಗುಳಿಗೆ ಕೇಳಲು ಹೋಗಿದ್ದ, ನಾಟಕ ಮಾಡಬೇಡ ಎಂದು ವಾಪಸು ಕಳಿಸಿದ್ದರು. ಕಳಿಸಿದವನೇ ಬಂದು ಹೌದೆಂದು ಸಾಕ್ಷಿ ಹೇಳಿದ್ದ. ಬೆಲ್ಟು ಬಿಚ್ಚಿಸಿದ್ದರಿಂದ ಹುಡುಗನ ಪ್ಯಾಂಟು ನಿಲ್ಲುತ್ತಿರಲಿಲ್ಲ. ಮೊಣಕೈಯಿಂದ ಸೊಂಟ ಒತ್ತಿ ಹಿಡಿದಿದ್ದ. "ಕೈ ನೆಟ್ಟಗೆ!" ಎಂದರು ಅಧ್ಯಕ್ಷರು. ಕೈ ನೆಟ್ಟಗಾಯಿತು, ಪ್ಯಾಂಟು ಎರಡು ಬೆರಳು ಜಾರಿತು, ಮೂಲೆಯಲ್ಲಿದ್ದ ಗುಮಾಸ್ತ ಮೂಗಿನಲ್ಲಿ ನಕ್ಕ. ಧಾರಾವಾಹಿಯ ನಾಯಕನ ಪ್ಯಾಂಟು ಒಂದು ಸಲವೂ ಜಾರುವುದಿಲ್ಲ. ಅದನ್ನೂ ದೋಷಕ್ಕೆ ಸೇರಿಸಬಹುದಿತ್ತು. ಕ್ಯಾಪ್ಟನ್ ಕಟೋಚ್ ಆಗ ಕಾಗದದ ಮೇಲೆ ಕಣ್ಣಿಟ್ಟಿದ್ದ. ಕಾಗದದಲ್ಲಿ ತನ್ನದೇ ಪೆನ್ಸಿಲ್ ಅಕ್ಷರ: 'ಜ್ವರ ನಿಜ. ಬಿಡಬೇಕು.' ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಮೇಲೆ ಅಧ್ಯಕ್ಷರು, ಪಾಪ, ಪದ್ಧತಿ ಬಲ್ಲವರು, ಅವನ ಕಡೆ ತಿರುಗಿ, "ಕಿರಿಯರಿಂದ ಶುರು" ಎಂದರು. ಅಷ್ಟೇ. ಮೀಸೆ ತಿರುವಲಿಲ್ಲ, ಹುಬ್ಬು ಹಾರಿಸಲಿಲ್ಲ, ಕೆಮ್ಮಲೂ ಇಲ್ಲ. ಅವರು ಒಮ್ಮೆ ಕೆಮ್ಮಿದ್ದರೂ ಸಾಕಿತ್ತು, ನಲವತ್ತು ವರ್ಷ ಆ ಕೆಮ್ಮನ್ನು ಹಿಡಿದುಕೊಂಡು ನೆಮ್ಮದಿಯಾಗಿ ಬದುಕಬಹುದಿತ್ತು. ಕಟೋಚನಿಗೆ ಆ ಕ್ಷಣ ಹೊಳೆದದ್ದು ಒಂದೇ: ಹುಡುಗ ಕಾಂಗ್ಡಾದವನು, ನಾನೂ ಕಾಂಗ್ಡಾದವನು, ಬಿಡಿ ಎಂದರೆ ಊರಿನವನನ್ನು ಊರಿನವನು ಕಾಪಾಡಿದ ಎಂದು ಸಂಜೆ ಮೆಸ್ಸಿನಲ್ಲಿ ನಗುತ್ತಾರೆ. "ಗಿಲ್ಟಿ" ಎಂದ. ಬೇಕಾದ್ದಕ್ಕಿಂತ ಗಟ್ಟಿಯಾಗಿ ಎಂದ. ಪಕ್ಕದ ಮೇಜರ್ ಗ್ರೇವಾಲ್ ತಿರುಗಿ ನೋಡಿದರು, ತುಟಿ ಏನೋ ಅನ್ನಲು ಹೋಗಿ ಬೇರೇನೋ ಅಂದಿತು. ಅಧ್ಯಕ್ಷರದೂ ಅದೇ ಆಯಿತು. ಸಂಜೆ ರಮ್ಮಿನ ಲೋಟ ಹಿಡಿದು ಗ್ರೇವಾಲ್ ಹತ್ತಿರ ಬಂದು, ಹೇಳಬಾರದ್ದನ್ನು ಹೇಳಿದರು: "ನಾನು ಬಿಡೋಣ ಅಂತಿದ್ದೆ ಪುತ್ತರ್. ನಿಮ್ಮೂರ ಹುಡುಗನ್ನ ನೀನೇ ತಪ್ಪಿತಸ್ಥ ಅಂದ್ಮೇಲೆ ನಾನ್ಯಾರು? ನಿಂಗೆ ಏನೋ ಗೊತ್ತಿರಬೇಕು ಅನ್ಕೊಂಡೆ." ಚಿಕ್ಕವನು ದೊಡ್ಡವರ ಮುಖ ನೋಡದಿರಲಿ ಎಂದು ಮಾಡಿದ ನಿಯಮ; ಇಲ್ಲಿ ದೊಡ್ಡವರಿಬ್ಬರೂ ಚಿಕ್ಕವನ ಮುಖ ನೋಡಿದ್ದರು.

"ಊಟಕ್ಕೆ ಬರ್ತೀರೋ ಇಲ್ಲ ಅದಕ್ಕೂ ವೋಟ್ ಹಾಕಬೇಕೋ?" ಕಮಲೇಶ್ ಬಾಗಿಲಲ್ಲಿ ನಿಂತಿದ್ದಳು. ಕಡಲೆಯ ಮದ್ರಾ ಗೊಜ್ಜು, ಅನ್ನ. ಮೊಸರು ಮಾತ್ರ ತಟ್ಟೆಯ ಮೇಲೆ ನಿಲ್ಲದೆ ಅಂಚಿನವರೆಗೆ ಓಡಿತು. ಕಟೋಚರು ಅದನ್ನೇ ನೋಡುತ್ತಾ, "ಕಮಲೇಶ್, ಸೈನ್ಯದ ಕೋರ್ಟಿನಲ್ಲಿ ಕೂತವರು ಯಾರು ಏನು ಹೇಳಿದ್ರು ಅಂತ ಸಾಯೋತನಕ ಹೊರಗೆ ಹೇಳಬಾರದು, ಗೊತ್ತಾ? ಆಣೆ ಮಾಡಿರ್ತೀವಿ" ಎಂದರು. "ಒಳ್ಳೇದಾಯ್ತು," ಎಂದಳು ಅವಳು, "ಇಲ್ಲದಿದ್ರೂ ನೀವೇನು ಹೇಳ್ತಿದ್ರಿ? ಮದುವೆ ಆಗೋಕೆ ಹೂಂ ಅಂದ್ರೋ ಊಹೂಂ ಅಂದ್ರೋ ನಂಗಿನ್ನೂ ಸರಿಯಾಗಿ ಗೊತ್ತಿಲ್ಲ." ಕಟೋಚರು ಓಡಿದ ಮೊಸರನ್ನು ಅನ್ನದ ಕಡೆ ಎಳೆದುಕೊಂಡರು. ಆಣೆ ಅವರಿಗೆ ಒಳ್ಳೆಯ ಕಂಬಳಿಯಾಗಿತ್ತು. ಹೊದ್ದುಕೊಂಡರೆ ಕಾಲೂ ಮುಚ್ಚುತ್ತಿತ್ತು, ತಲೆಯೂ ಮುಚ್ಚುತ್ತಿತ್ತು. ನಿವೃತ್ತಿಯಾಗಿ ಈ ಮನೆಗೆ ಬಂದ ಮೊದಲ ಬೆಳಿಗ್ಗೆ ಹಾಲಿನವನು ಗುರುತು ಹಿಡಿದು, "ಕ್ಯಾಪ್ಟನ್ ಕಟೋಚ್ ಸಾಬ್ ಅಲ್ವಾ?" ಎಂದು ಸಲ್ಯೂಟ್ ಹೊಡೆದಾಗಲೂ ಒಳಗಿನಿಂದ ಆಣೆಯೇ ಕೈಹಿಡಿದಿತ್ತು. ಊಟ ಮುಗಿಸಿ ಮೇಜಿಗೆ ಬಂದವರು ಏಳನೆಯ ದೋಷದ ಮೇಲೆ ಅಡ್ಡಗೆರೆ ಎಳೆದರು. ಒಂದಲ್ಲ, ಅಕ್ಷರ ಕಾಣದ ಹಾಗೆ ನಾಲ್ಕು. ಯಾರಿಗೆ ನಷ್ಟ? ಒಂದು ಧಾರಾವಾಹಿಯ ತಪ್ಪು ಉಳಿಯುತ್ತದೆ. ಒಬ್ಬ ಮುದುಕ ಸಮಾಧಾನವಾಗಿರುತ್ತಾನೆ. ಇಬ್ಬರು ಎಂದು ತಿದ್ದಿಕೊಂಡರು.

ಗುಲೇರಿಯಾ ನಾಲ್ಕಕ್ಕೆ ಸರಿಯಾಗಿ ಬಂದರು. ವರಾಂಡದ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಒಂದೊಂದು ದೋಷಕ್ಕೂ ತೊಡೆ ತಟ್ಟಿಕೊಂಡು ಓದಿದರು. "ಬಡಗಿಯ ಮನೆಯಲ್ಲ! ಭಲೇ ಸಾಬ್! ಎರಡನೇದಂತೂ ಚಿನ್ನ." ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದರು. "ಆರಾದ್ಮೇಲೆ ಎಂಟು ಬಂತಲ್ಲ? ಏಳೆಲ್ಲಿ ಹೋಯ್ತು, ರಜೆ ಮೇಲಾ?"

"ಅಂಥಾ ಮುಖ್ಯದ್ದಲ್ಲ ಬಿಡಿ ಗುಲೇರಿಯಾ ಸಾಬ್."

"ಅಯ್ಯೋ, ಮೊದಲು ಹೇಳೋರು ಯಾರು ಅನ್ನೋದು ಇದರಲ್ಲಿ ಇಲ್ವೇ ಇಲ್ಲ! ಕ್ಯಾಂಟೀನಲ್ಲಿ ಅದೇ ಜಗಳ ಸಾಬ್. ಅರ್ಧ ಜನ ದೊಡ್ಡ ಸಾಬೇ ಮೊದಲು ಅಂತಾರೆ, ಅರ್ಧ ಜನ ಅಲ್ಲ ಅಂತಾರೆ. ಕಟೋಚ್ ಸಾಬ್ ಬರೀತಾರೆ, ಅವರು ಬರೆದದ್ದೇ ಕಾನೂನು ಅಂತ ನಾನೇ ಬಾಯಿ ಮುಚ್ಚಿಸಿದ್ದೀನಿ."

ಅಷ್ಟರಲ್ಲಿ ಕಮಲೇಶ್ ಚಹಾ ತಂದಳು. ಗುಲೇರಿಯಾ ಒಂದು ಗುಟುಕು ಕುಡಿದು, ಮರ್ಯಾದೆಗೆ ಇನ್ನೊಂದು ಗುಟುಕು ಕುಡಿದು, "ಬೀಬೀಜಿ, ಹಾಲು ಯಾರ ಹತ್ರ ತಗೋತೀರಿ?" ಎಂದರು.

"ಬಿಧಿ ಚಂದ್ ಹತ್ರ. ಹಾಲಲ್ಲ ಅದು, ಕಾಲುವೆ."

"ಬಿಧಿ ಚಂದಾ? ಸಾಧ್ಯಾನೇ ಇಲ್ಲ. ನಮ್ಮನೆಗೂ ಅವನೇ ಹಾಕೋದು. ಕೆನೆ ಬೆರಳಿಗೆ ಅಂಟುತ್ತೆ ಬೀಬೀಜಿ! ಅವನು ನೀರು ಬೆರೆಸಿದ ಅಂತ ಈ ಓಣಿಯಲ್ಲಿ ಯಾರೂ ಹೇಳಿದ್ದಿಲ್ಲ."

ಕಮಲೇಶ್ ಗಂಡನ ಮುಖ ನೋಡಿದಳು. ಕಟೋಚರು ಚಹಾದ ಲೋಟದೊಳಗೆ ನೋಡಿದರು. ಹಾಗಾದರೆ ಇಡೀ ಓಣಿಯಲ್ಲಿ ನೀರು ಒಬ್ಬರಿಗೇ, ಸಲ್ಯೂಟೂ ಒಬ್ಬರಿಗೇ. ಹನ್ನೊಂದು ವರ್ಷ, ಒಂದು ದಿನವೂ ತಪ್ಪದೆ, ಎರಡನ್ನೂ ಒಟ್ಟೊಟ್ಟಿಗೆ ಕೊಟ್ಟಿದ್ದ. ಈ ಬೆಳಿಗ್ಗೆಯ ಮಾತಿನ ಪ್ರಕಾರ ನೋಡಿದರೆ ನಾಳೆಯಿಂದ ಅವರ ಪಾತ್ರೆಗೂ ಗಟ್ಟಿ ಹಾಲು ಬೀಳುತ್ತದೆ. ಸುಮ್ಮನಿದ್ದರೆ ಸಾಕು. ಕೆನೆ ಕಟ್ಟುವ ಹಾಲು, ಮನಸಾರೆ ಸಲ್ಯೂಟು, ಹೆಂಡತಿಯ ಬಾಯಿ ಬಂದ್. ಆ ಕೆನೆಯನ್ನು ನೆನೆಸಿಕೊಂಡು ಲೋಟವನ್ನು ಕೆಳಗಿಟ್ಟರು. ಜೀವನದಲ್ಲಿ ಎರಡನೆಯ ಸಲ ಸುಲಭವಾದ ಮಾತನ್ನು ಆರಿಸಿಕೊಳ್ಳುತ್ತಿದ್ದೇನೆ ಎಂದು ಅನ್ನಿಸಿತು, ನಾಚಿಕೆಯಾಯಿತು. ಎದ್ದು ಮೊಳೆಯಿಂದ ಟೋಪಿ ತೆಗೆದುಕೊಂಡು, "ಒಂದು ಗಂಟೆ ಕೂತಿರಿ ಗುಲೇರಿಯಾ ಸಾಬ್. ಏಳನೇದು ಬರೆದುಕೊಡ್ತೀನಿ. ಮೊದಲು ಒಬ್ಬರನ್ನ ಕೇಳಬೇಕು" ಎಂದು ಮೆಟ್ಟಿಲಿಳಿದರು. "ಕಾನೂನ್ ಕಟೋಚ್ ಬೇರೆಯವರನ್ನ ಕೇಳೋದಾ?" ಎಂದು ಗುಲೇರಿಯಾ ಹಿಂದಿನಿಂದ ನಕ್ಕದ್ದು ಕೇಳಿಸಿತು.

ಚಹಾ ತೋಟದ ಕೆಳಗೆ, ಹಳ್ಳದ ಪಕ್ಕ ಬಿಧಿ ಚಂದನ ಮನೆ. ಅವನು ಕೊಟ್ಟಿಗೆಯ ಮುಂದೆ ಹುಲ್ಲು ಕತ್ತರಿಸುತ್ತಾ ಕೂತಿದ್ದ. ಸಾಬನ್ನು ಕಂಡವನೇ ಎದ್ದು ಟೋಪಿಗೆ ಕೈಹಾಕಿದ. "ಬೇಡ, ಕೂತ್ಕೋ," ಎಂದರು ಕಟೋಚರು. ತಾವೂ ಹುಲ್ಲಿನ ಹೊರೆಯ ಮೇಲೆ ಕೂತರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಕೆಳಗೆ ಬಿದ್ದುಹೋಗಿದ್ದವು. ಹಸು ಅವರ ಟೋಪಿಯನ್ನು ಮೂಸಿ ನೋಡಿತು.

"ಆ ಧಾರಾವಾಹೀಲಿ ಒಂದು ತಪ್ಪಿದೆ ಬಿಧಿ ಚಂದ್. ನಾಳೆ ನಾಡಿದ್ದು ಎಲ್ಲರಿಗೂ ಗೊತ್ತಾಗುತ್ತೆ. ನಿಂಗೆ ನಾನೇ ಮೊದಲು ಹೇಳ್ಬೇಕು ಅಂತ ಬಂದೆ."

"ಏನು ಸಾಬ್?"

"ದೊಡ್ಡವರು ಮೊದಲು ಹೇಳಲ್ಲ. ಹೇಳೋ ಹಾಗಿಲ್ಲ. ಎಲ್ಲರಿಗಿಂತ ಚಿಕ್ಕವನನ್ನ ಮೊದಲು ಕೇಳ್ತಾರೆ. ಅವನು ಹೇಳೋವಾಗ ಅವನಿಗೆ ಯಾರ ಮನಸ್ಸೂ ಗೊತ್ತಿರಲ್ಲ."

ಬಿಧಿ ಚಂದ್ ಕುಡುಗೋಲನ್ನು ಮಂಡಿಯ ಮೇಲಿಟ್ಟುಕೊಂಡ. "ಆವಾಗಲೂ ಹಂಗೇನಾ?"

"ಆವಾಗಲೂ ಹಾಗೇ."

"ನಮ್ಮ ಕೇಸಲ್ಲೂ?"

"ಹೌದು."

ಬಿಧಿ ಚಂದ್ ಹುಲ್ಲಿನ ಒಂದು ಕಡ್ಡಿಯನ್ನು ಬೆರಳಲ್ಲಿ ಸುತ್ತಿದ, ಬಿಚ್ಚಿದ. "ಅಂದ್ರೆ ಮೊದಲು ಹೇಳಿದ್ದು ನೀವು. ಏನಂದ್ರಿ?"

"ಅದನ್ನ ಹೇಳೋ ಹಾಗಿಲ್ಲ. ಆಣೆ ಇದೆ."

ಬಿಧಿ ಚಂದ್ ನಕ್ಕ. ಕಟೋಚರು ಕೋಪವನ್ನು ನಿರೀಕ್ಷಿಸಿ ಬಂದಿದ್ದರು. ನಗುವಿಗೆ ಅವರ ಬಳಿ ಯಾವ ನಿಯಮವೂ ಇರಲಿಲ್ಲ. "ಬಿಡಿ ಅಂದಿದ್ರೆ, ಸಾಬ್, ಹನ್ನೊಂದು ವರ್ಷದಲ್ಲಿ ಒಂದ್ಸಲನಾದ್ರೂ ನಿಮ್ಮ ಬಾಯಿ ಜಾರಿರೋದು. ಹಬ್ಬದ ದಿನನೋ, ನಮ್ಮವ್ವ ಸತ್ತ ದಿನನೋ. ಒಳ್ಳೇ ಮಾತನ್ನ ಯಾವ ಆಣೆನೂ ಅಷ್ಟು ದಿನ ಹಿಡಿದಿಡಲ್ಲ."

ಕಟೋಚರು ಆಣೆ ಮುರಿಯಲಿಲ್ಲ, ಸುಳ್ಳೂ ಹೇಳಲಿಲ್ಲ. "ನನ್ನ ಪ್ಯಾಂಟು ಜಾರ್ತಿತ್ತು ಆವಾಗ," ಎಂದ ಬಿಧಿ ಚಂದ್, ಹಸುವಿಗೆ ಹೇಳುವವನ ಹಾಗೆ, "ಅದು ಜಾರದೆ ಇದ್ರೆ ಸಾಕಪ್ಪಾ ಅಂತ ದೇವರನ್ನ ಕೇಳ್ತಿದ್ದೆ. ಬಿಟ್ಬಿಡ್ಲಿ ಅಂತ ಕೇಳ್ಕೊಳ್ಳೋದೇ ಮರೆತುಹೋಗಿತ್ತು." ಆಮೇಲೆ ಕುಡುಗೋಲು ತೆಗೆದುಕೊಂಡು ಮತ್ತೆ ಹುಲ್ಲು ಕತ್ತರಿಸತೊಡಗಿದ. ಕಟೋಚರು ಎದ್ದು ಬಂದರು. ಏರಿನಲ್ಲಿ ಮೂರು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಗುಲೇರಿಯಾ ಕಾಯುತ್ತಿದ್ದರು, ಎರಡನೆಯ ಲೋಟ ಚಹಾ ಮುಟ್ಟದೆ ಇಟ್ಟಿದ್ದರು. ಕಟೋಚರು ಹೊಸ ಹಾಳೆಯಲ್ಲಿ ಏಳನೆಯ ದೋಷವನ್ನು ಮೊದಲಿದ್ದ ಹಾಗೇ ಬರೆದು ಕೊಟ್ಟರು.

ಮರುದಿನ ಆರೂಕಾಲಿಗೇ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತರು. ಬರುತ್ತಾನೋ ಇಲ್ಲವೋ. ಬರದಿದ್ದರೆ ಪ್ಯಾಕೆಟ್ ಹಾಲು ತಂದರಾಯಿತು ಎಂದು ಧೈರ್ಯ ಹೇಳಿಕೊಂಡರು; ಅದು ಹಾಲಿನ ಧೈರ್ಯವಾಗಿತ್ತು, ಬೇರೆಯದಕ್ಕೆ ಸಾಲಲಿಲ್ಲ. ಆರೂವರೆಗೆ ಚಿಲಕ ಸದ್ದಾಯಿತು. ಬಿಧಿ ಚಂದ್ ಬಂದ, ಕ್ಯಾನನ್ನು ಕಟ್ಟೆಯ ಮೇಲಿಟ್ಟ. ಕಟೋಚರ ಬಲಗೈ ಅಭ್ಯಾಸಬಲದಿಂದ ಎದೆಯವರೆಗೆ ಎದ್ದಿತ್ತು. ಆಗ ನೋಡಿದರು: ಬಿಧಿ ಚಂದ್ ಬರಿತಲೆಯಲ್ಲಿದ್ದ. ಕಾಂಗ್ಡಾದ ಆ ಚಳಿಯಲ್ಲಿ, ಬೆಳ್ಳಗಿನ ಕೂದಲು ಕೆದರಿಕೊಂಡು, ಟೋಪಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸಿಕ್ಕಿಸಿದ್ದ, ಅಂಚು ಕಾಣುವ ಹಾಗೆ. ಟೋಪಿ ಇಲ್ಲದವನಿಗೆ ಸಲ್ಯೂಟಿಲ್ಲ. ಯಾವ ನಿಯಮವನ್ನೂ ಮುರಿಯದೆ ಆ ಕೆಲಸ ಮುಗಿಸಿದ್ದ. "ರಾಮ್ ರಾಮ್," ಎಂದ, ಓಣಿಯಲ್ಲಿ ಯಾರಿಗಾದರೂ ಹೇಳುವಂತೆ. ಕಟೋಚರ ಕೈ ದಾರಿ ತಪ್ಪಿ ಕಿವಿಗೆ ಹೋಗಿ ಅಲ್ಲಿ ಸುಮ್ಮನೆ ತುರಿಸಿತು. ಮೆಲ್ಲಗೆ ತಮ್ಮ ಟೋಪಿಯನ್ನೂ ತೆಗೆದರು. "ರಾಮ್ ರಾಮ್," ಎಂದರು.

ಬಿಧಿ ಚಂದ್ ಹಾಲು ಸುರಿದ. ನೀಲಿ ತಿರುಗಿದ ತೆಳ್ಳನೆಯ ಹಾಲು, ಪಾತ್ರೆಯ ತಳ ಕಾಣುತ್ತಿತ್ತು. ಅಡುಗೆಮನೆಯಿಂದ ಯುದ್ಧದ ಮಾತು ಇವತ್ತು ಬರಲಿಲ್ಲ. ಕಮಲೇಶ್ ಕಿಟಕಿಯಲ್ಲಿ ನಿಂತಿದ್ದಳು. ಕಟೋಚರು ಯಾರ ಮುಖವನ್ನೂ ನೋಡದೆ ಹೇಳಿದರು.

"ಬಿಧಿ ಚಂದ್, ಹಾಲಿಗೆ ನೀರು ಜಾಸ್ತಿ ಹಾಕ್ತೀಯ."

ಬಿಧಿ ಚಂದ್ ಮುಚ್ಚಳ ಒತ್ತುತ್ತಿದ್ದವನು ತಲೆ ಎತ್ತಿದ. "ಹನ್ನೊಂದು ವರ್ಷದಿಂದ ಹಾಕ್ತಿದ್ದೀನಿ. ಇವತ್ತು ಬಾಯಿ ಬಂತಾ?"

"ನಾಳೆಯಿಂದ ಹಾಕಬೇಡ."

ಬಿಧಿ ಚಂದ್ ಕ್ಯಾನನ್ನು ಹೆಗಲಿಗೇರಿಸಿಕೊಂಡು ಗೇಟಿನವರೆಗೆ ಹೋದ. ಚಿಲಕ ತೆಗೆದು, ಹೊರಗೆ ಕಾಲಿಟ್ಟು, ಹಿಂತಿರುಗಿ ನೋಡದೆ ಅಂದ:

"ನೋಡೋಣ."